ಪಟ್ಟೆ ಕಾಲುಚೀಲದ ವೈನ್

ಮಂಗಳವಾರ, ಮಧ್ಯಾಹ್ನ
(ಪಾಪು ಮಲಗಿದೆ, ಸದ್ಯಕ್ಕೆ)

ನನ್ನ ಮುದ್ದು ಚೋಟುವಿಗೆ, ಅಕ್ಕನಿಂದ ಒಂದು ಸಿಹಿಮುತ್ತು.

ಮೊದಲು ಒಳ್ಳೆಯ ಸುದ್ದಿ. ನಿನ್ನ ವಾರ್ಡಿನ ನರ್ಸ್ ಗೆಳತಿಯರ ಎರಡು ಮೇಜನ್ನು ಯಾರೂ ಎತ್ತಿಸುವುದಿಲ್ಲ. ನಿನ್ನ ಮದುವೆಯ ರಿಸೆಪ್ಷನ್ ಊಟಕ್ಕೆ ದುಬಾರಿ ವೈನೇ ಆಗಬೇಕೆಂದು ನಿನ್ನ ಹುಡುಗನ ದೊಡ್ಡಪ್ಪ ಹಟ ಹಿಡಿದರೆ ಖರ್ಚು ಮೀರಿ ಅವರನ್ನೆಲ್ಲ ಕೈಬಿಡಬೇಕಾಗುತ್ತದೆ ಎಂದು ಫೋನಿನಲ್ಲಿ ಅಳುತ್ತಿದ್ದೆಯಲ್ಲ, ಇನ್ನು ಮೂಗು ಒರೆಸಿಕೋ.

ವೈನ್ ಆರಿಸುವ ಕೆಲಸವನ್ನು ನನಗೆ ವಹಿಸಿದಾಗ ನಗು ಬಂತು. ಹಾಲೂಡಿಸುವವಳು, ಒಂದು ಹನಿಯೂ ನಾಲಿಗೆಗೆ ಸೋಕಿಸುವಂತಿಲ್ಲ. ಮೂರು ತಿಂಗಳಿಂದ ನಿದ್ದೆಯಿಲ್ಲದೆ ಮೊನ್ನೆ ಕನ್ನಡಕವನ್ನು ಫ್ರಿಜ್ಜಿನಲ್ಲಿಟ್ಟಿದ್ದೆ. ಆದರೆ ಪಾಪು ಹುಟ್ಟಿದ ಮೇಲೆ "ಹಾಲು ಕುಡೀತಾ, ಮಲಗ್ತಾ" ಬಿಟ್ಟು ಬೇರೇನನ್ನಾದರೂ ನನ್ನನ್ನು ಕೇಳಿದವಳು ನೀನೊಬ್ಬಳೇ. ಅದಕ್ಕೇ ತಲೆ ಓಡಿಸಿದೆ.

ದೊಡ್ಡಪ್ಪನವರನ್ನೇ ಮನೆಗೆ ಕರೆದೆ. ಮೂಲೆ ಅಂಗಡಿಯಿಂದ ಎರಡು ಅಗ್ಗದ ಕೆಂಪು ವೈನ್ ತಂದಿದ್ದೆ. ಅವರು ತಮ್ಮ ದುಬಾರಿಯದ್ದೊಂದನ್ನು ಕೂಸಿನಂತೆ ಎದೆಗವಚಿಕೊಂಡು ಬಂದರು. ಲೇಬಲ್ ಕಾಣಬಾರದೆಂದು ಮೂರಕ್ಕೂ ನಿನ್ನ ಭಾವನ ಕಾಲುಚೀಲ ತೊಡಿಸಿದೆ. ಒಗೆದದ್ದೇ, ಮುಖ ಸಿಂಡರಿಸಬೇಡ. ಕರಿಯದರಲ್ಲಿ ಅವರದು, ಕಂದು ಬಣ್ಣದ್ದರಲ್ಲಿ ಇನ್ನೊಂದು, ಪಟ್ಟೆಯದರಲ್ಲಿ ಎಲ್ಲಕ್ಕಿಂತ ಅಗ್ಗದ್ದು.

ಒಂದು ನಿಮಿಷ.

ಹೋಗಿ ಪಾಪುವನ್ನು ನೋಡಿ ಬಂದೆ. ಉಸಿರಾಡುತ್ತಿದೆ. ಇದು ನಾಲ್ಕನೇ ಸಲ, ಮೊದಲಿನ ಮೂರನ್ನು ನಿನಗೆ ಹೇಳಲಿಲ್ಲ ಅಷ್ಟೇ.

ದೊಡ್ಡಪ್ಪ ಲೋಟದೊಳಕ್ಕೆ ಮೂಗನ್ನೇ ಇಳಿಬಿಟ್ಟರು. ಕರಿಯದನ್ನು ಕುಡಿದು, "ಏನಮ್ಮಾ ಇದು, ಕೆಮ್ಮಿನ ಔಷಧಿ ಇದ್ದಂಗಿದೆ" ಅಂದರು. ಕಂದು ಬಣ್ಣದ್ದಕ್ಕೆ ಬರೀ ತಲೆಯಾಡಿಸಿದರು. ಪಟ್ಟೆಯದಕ್ಕೆ ಮೀಸೆ ಅರಳಿತು. "ಇದು ನೋಡು ನಮ್ಮದು! ಈ ನಾಲಿಗೇನ ಏಮಾರಿಸೋಕಾಗುತ್ತಾ?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಾಪು ಸೂರು ಹಾರಿಹೋಗುವಂತೆ ಕಿರುಚಿತು. "ಇಲ್ಲಿ ಕೊಡಮ್ಮ, ನಾಲ್ಕು ಮಕ್ಕಳನ್ನ ಮಲಗಿಸಿದ ಭುಜ ಇದು" ಎಂದು ಎತ್ತಿಕೊಂಡರು. ಒಂದು ಗಳಿಗೆ ಕೂರೋಣವೆಂದು ಸೋಫಾದಲ್ಲಿ ಕೂತೆ. ಕಣ್ಣು ಬಿಟ್ಟಾಗ ಎರಡು ಗಂಟೆ ಕಳೆದಿತ್ತು, ಚೋಟು. ಎರಡು ಗಂಟೆ! ಪಾಪು ಅವರ ಭುಜದ ಮೇಲೆ ನಿದ್ದೆ ಹೋಗಿತ್ತು, ಕೋಟೆಲ್ಲ ಜೊಲ್ಲು.

ಅದು ಅಗ್ಗದ್ದೆಂದು ಅಂಥವರ ಮುಖಕ್ಕೆ ಹೊಡೆದಂತೆ ಹೇಗೆ ಹೇಳಲಿ? ಪಟ್ಟೆಯದನ್ನೇ ತರಿಸಬೇಕೆಂದು ಅವರೇ ತಾಕೀತು ಮಾಡಿದರು, ಕರೆಯಬೇಕಾದವರಲ್ಲಿ ಯಾರನ್ನೂ ಬಿಡಬೇಡಿ ಎಂದರು. ಹೊರಡುವಾಗ, "ಮೇಜಿನ ಮೇಲೆ ಬಾಟಲಿ ಬೇಡಮ್ಮ, ಗಾಜಿನ ಜಗ್ಗಿಗೆ ಬಗ್ಗಿಸಿಡೋಣ, ಅದೇ ಲಕ್ಷಣ. ಆ ಕೆಲಸ ನಂಗಿರಲಿ" ಅಂದರು. ಲೇಬಲ್ ಬಚ್ಚಿಡುವುದು ಹೇಗೆಂದು ನಾನು ಒದ್ದಾಡುತ್ತಿದ್ದೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!

ಅಂಗಡಿಯಾಕೆಗೆ ನಲವತ್ತು ಬಾಟಲಿ ಹೇಳಿಬಿಟ್ಟಿದ್ದೇನೆ. ದೊಡ್ಡಪ್ಪನವರ ಮುಂದೆ ತುಟಿ ಪಿಟಕ್ಕೆನ್ನಬೇಡ.

ಎರಡು ಗಂಟೆ ನಿದ್ದೆ ಕಂಡ ನಿನ್ನ
ಅಕ್ಕ

ತಾ.ಕ.: ಕಾಲುಚೀಲ ಒಗೆಯೋಣವೆಂದು ಈಗಷ್ಟೇ ಬಾಟಲಿಗಳಿಂದ ಬಿಡಿಸಿದೆ. ಕರಿಯದು, ಕಂದು ನಾನು ತೊಡಿಸಿದಂತೆಯೇ ಇದ್ದವು. ಪಟ್ಟೆಯದು ಮಾತ್ರ ಒಳಮೈ ಹೊರಗಾಗಿತ್ತು. ಭುಜದ ಮೇಲೆ ಮಗು ಇಟ್ಟುಕೊಂಡು ಒಂದೇ ಕೈಯಲ್ಲಿ ಬಾಟಲಿಗೆ ಬಿಚ್ಚಿದ ಕಾಲುಚೀಲ ಮತ್ತೆ ತೊಡಿಸುವುದು ಸುಲಭವಲ್ಲ, ಪಾಪ. ಗುಟ್ಟು ಕಾಯುವವರು ಈಗ ಮೂವರಾದೆವು. ಮೊದಲ ಜಗ್ಗು ಅವರ ಕೈಯಿಂದಲೇ ನಿನ್ನ ನರ್ಸ್ ಗೆಳತಿಯರ ಮೇಜಿಗೆ ಹೋಗಲಿ.