ಚೀಟಿ ಹಚ್ಚದ ಗಂಟುಗಳು

ಬೋರಗಾಂವ
18 ಆಗಸ್ಟ್ 2024, ರವಿವಾರ

ಪ್ರೀತಿಯ ಮೇಘಾ ಅಕ್ಕನಿಗೆ,

ಜೈ ಜಿನೇಂದ್ರ. ನೀನು ಮಂಗಸೂಳಿಯಿಂದ ಕಳಿಸಿದ ಪಂಚಮಿಯ ಉಂಡಿ ಮುಗಿದು ಡಬ್ಬಿ ಖಾಲಿಯಾದರೂ ನಾಲ್ಕು ಸಾಲು ಬರೆಯಲಿಲ್ಲ, ಸಿಟ್ಟಾಗಬೇಡ. ಫೋನಿನಲ್ಲಿ ಶ್ರೇಣಿಕನ ಹೆಸರು ಬಂದೊಡನೆ ಇಟ್ಟುಬಿಡುತ್ತೀ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀ ಎಂದುಕೊಂಡಿದ್ದೇನೆ.

ನೀನು ಮತ್ತೆ ಬಸುರಿ ಎಂದು ನಿನ್ನ ಗಂಡ ಸಮ್ಮೇದ ಮಾವ ಹೇಳಿದಾಗ ಕುಣಿದಾಡಿದೆ. "ಖರೆ ನಿಮ್ಮಕ್ಕ ದಿನಕ್ಕ ಒಂದ ಹೊತ್ತ ಉಣ್ಣಾಕತ್ತಾಳ. ನೀನರ ಹೇಳವಾ" ಎಂದಾಗ ಕುಣಿತ ನಿಂತಿತು. ಶ್ರೇಣಿಕ ಹೊಟ್ಟೆಯಲ್ಲಿದ್ದಾಗ ಬಯಕೆ ತಡೆಯದೆ ನೀನು ಚಾತುರ್ಮಾಸದಲ್ಲಿ ವರ್ಜ್ಯವಾದ ಉಳ್ಳಾಗಡ್ಡಿ ಭಜಿ ತಿಂದೆ, ಆ ಪಾಪಕ್ಕೇ ಕೂಸು ಹದಿನಾಲ್ಕು ತಿಂಗಳಿಗೆ ಹೋಯಿತು ಎಂದು ಅತ್ತೆ ಅಂದದ್ದನ್ನು ಇನ್ನೂ ನಂಬಿದ್ದೀ. ಅದಕ್ಕೇ ಈ ಒಪ್ಪೊತ್ತಿನ ಊಟದ ಏಕಾಸನ. ಯಾವ ಮುನಿ ಮಹಾರಾಜರೂ ಕೊಟ್ಟ ನಿಯಮವಲ್ಲ, ನೀನೇ ತಲೆಯ ಮೇಲೆ ಹೊತ್ತುಕೊಂಡದ್ದು.

ಇರಲಿ, ಮೊದಲು ನನ್ನ ಕ್ಲಾಸಿನ ಸುದ್ದಿ ಕೇಳು. ಕಳೆದ ವಾರ ಜೀವಕೋಶದ ಪಾಠ. ಎಂಟು ವರ್ಷದಿಂದ ಗಿಣಿಪಾಠ ಒಪ್ಪಿಸುತ್ತಿದ್ದೆ. ಈ ಸಲ ಹೇಳುತ್ತ ಹೇಳುತ್ತ ನನಗೇ ಬೆರಗಾಯಿತು. ಒಂದೊಂದು ಕೋಶದಲ್ಲಿ ಲಕ್ಷಗಟ್ಟಲೆ ರೈಬೋಸೋಮುಗಳು. ನ್ಯೂಕ್ಲಿಯಸ್ಸಿನಿಂದ ಬಂದ ಸಂದೇಶವನ್ನು ಮೂರು ಮೂರು ಅಕ್ಷರ ಓದುತ್ತ ಸೆಕೆಂಡಿಗೆ ಐದಾರು ಅಮೈನೋ ಆಮ್ಲ ಪೋಣಿಸುತ್ತವೆ. ಆ ಸರ ಸರಿಯಾಗಿ ಮಡಿಚಿಕೊಂಡರೆ ಮಾತ್ರ ಕೆಲಸ ಮಾಡುವ ಪ್ರೋಟೀನು. ಹೊರಗೆ ಕಳಿಸುವಂಥದ್ದನ್ನು ಎಂಡೋಪ್ಲಾಸ್ಮಿಕ್ ಜಾಲ ಒಳಗೆ ಎಳೆದುಕೊಂಡು ಮಡಿಚುತ್ತದೆ. ಮಡಿಕೆ ಕೆಟ್ಟರೆ ತಡೆದು, ಒಡೆಯಲು ಕೊಡುತ್ತದೆ. ಪಾಸಾದದ್ದು ಗಾಲ್ಜಿಗೆ ಹೋಗುತ್ತದೆ. ಗಾಲ್ಜಿ ಗುರುತು ಹಾಕಿ, ಯಾವುದು ಎಲ್ಲಿಗೆ ಎಂದು ವಿಂಗಡಿಸುತ್ತದೆ. ನಮ್ಮ ಅತ್ತೆಯಂಥ ಮೇಲ್ವಿಚಾರಕಿ ಇಲ್ಲದೆ ಇಷ್ಟೆಲ್ಲ ನಡೆಯುತ್ತದಲ್ಲ ಅಕ್ಕ!

ಹಿಂದಿನ ಬೆಂಚಿನ ನೀಲಮ ಎದ್ದಳು. ಅವಳ ಅಪ್ಪನ ಪವರ್‌ಲೂಮ್ ನಮ್ಮ ಓಣಿಯಲ್ಲೇ ಇದೆ.

"ಮೇಡಮ್ಮರ, ನಮ್ಮಲ್ಲಿ ಅರಿವಿ ಚಲೋನ ನೇದಿರ್ತಾರ್ರಿ. ಖರೆ ಗಂಟಿಗೆ ಊರಿನ ಚೀಟಿ ಹಚ್ಚೋದ ಮರತ್ರ ಟೆಂಪೋದವ ಎಲ್ಯರ ಇಳಿಸಿ ಬಿಡ್ತಾನ. ಇದರಾಗೂ ಹಂಗ ಆಕ್ಕೈತೇನ್ರಿ?"

"ಆಕ್ಕೈತಿ" ಎಂದೆ. ಮನೆಗೆ ಬಂದವಳೇ, ಶ್ರೇಣಿಕ ಹೋದ ಮೇಲೆ ಬಂದ ಅವನ ಜೀನ್ ಪರೀಕ್ಷೆಯ ವರದಿ ತೆಗೆದು ಕುಳಿತೆ.

ಕೋಶದ ಕಸ ಕರಗಿಸಲು ಲೈಸೋಸೋಮ್ ಎಂಬ ಚೀಲಗಳಿರುತ್ತವೆ. ಕರಗಿಸುವ ಕಿಣ್ವಗಳು ನಮ್ಮ ಕೂಸಿನ ಮೈಯಲ್ಲಿ ತಯಾರಾಗುತ್ತಿದ್ದವು, ಅಕ್ಕ. ಗಾಲ್ಜಿಯಲ್ಲಿ ವಿಳಾಸದ ಗುರುತು ಬೀಳುತ್ತಿರಲಿಲ್ಲ, ಅಷ್ಟೇ. ಅವು ಚೀಲ ಸೇರದೆ ಕೋಶದ ಹೊರಗೆ ಚೆಲ್ಲಿಹೋದವು, ಒಳಗೆ ಕಸ ತುಂಬಿತು. ಬೆರಳು ಬಿಗಿದದ್ದೂ ಎದೆ ಸೋತದ್ದೂ ಅದರಿಂದಲೇ. ಗುರುತು ಹಾಕುವ ಕಿಣ್ವದ ಜೀನಿನಲ್ಲಿ ತಪ್ಪಿತ್ತು. ತಪ್ಪಿನ ಒಂದು ಪ್ರತಿ ನಿನ್ನದು, ಇನ್ನೊಂದು ಮಾವನದು. ನೀನು ಸೋದರತ್ತೆಯ ಮಗನನ್ನೇ ಮದುವೆಯಾದೆ, ಇಬ್ಬರಿಗೂ ಒಂದೇ ಅಜ್ಜ ಅಜ್ಜಿಯ ಕಡೆಯಿಂದ ಬಂದಿರಬೇಕು. ಒಂದೇ ಪ್ರತಿ ಇದ್ದವರಿಗೆ ಏನೂ ಆಗದು, ನನ್ನಲ್ಲೂ ಇರಬಹುದು. ಉಳ್ಳಾಗಡ್ಡಿಗೆ ಆ ತಪ್ಪು ಬರೆಯುವ ತಾಕತ್ತಿಲ್ಲ. ಏಕಾಸನಕ್ಕೆ ಅದನ್ನು ತಿದ್ದುವ ತಾಕತ್ತೂ ಇಲ್ಲ.

ಸುಳ್ಳು ಸಮಾಧಾನ ಹೇಳಲಾರೆ. ಈ ಕೂಸಿಗೂ ನಾಲ್ಕರಲ್ಲಿ ಒಂದು ಪಾಲು ಭಯವಿದೆ, ಮೂರು ಪಾಲು ಇಲ್ಲ. ಹನ್ನೊಂದು ವಾರ ತುಂಬಿದ ಮೇಲೆ ಪರೀಕ್ಷಿಸಿ ನೋಡಬಹುದಂತೆ. ಬೆಳಗಾವಿಯ ಡಾಕ್ಟರಮ್ಮನನ್ನು ಕೇಳಿದೆ. "ಕರಕೊಂಡ ಬರ್ರಿ. ಅಲ್ಲಿತನಕ ಹೊಟ್ಟಿ ತುಂಬ ಉಣ್ಣಾಕ ಹೇಳ್ರಿ" ಎಂದರು. ಮುಂದಿನ ಗುರುವಾರಕ್ಕೆ ರಜೆ ಹಾಕಿದ್ದೇನೆ, ಬಂದು ಕರೆದುಕೊಂಡು ಹೋಗುತ್ತೇನೆ.

ಹೊತ್ತು ಮುಳುಗುವುದರೊಳಗೆ ಎರಡು ಸಲ ಉಣ್ಣು. ಮಾವನಿಗೆ, ಅತ್ತೆಗೆ ನಮಸ್ಕಾರ. ಹೊಟ್ಟೆಯೊಳಗಿನ ಕೂಸು ನೂರು ವರ್ಷ ಬಾಳಲಿ.

ನಿನ್ನ ತಂಗಿ,
ತ್ರಿಶಲಾ

ತಾ.ಕ.: ನೀನು ಭಜಿ ತಿಂದದ್ದನ್ನು ಅತ್ತೆಗೆ ಹೇಳಿದವಳು ಮನೆಗೆಲಸದ ಶೇವಂತಾ ಎಂದು ತಿಳಿದು ನೀನು ಅವಳನ್ನು ಕೆಲಸದಿಂದ ಬಿಡಿಸಿದೆ. ಹೇಳಿದವಳು ನಾನು. ಕೂಸು ಹೋದ ಮೂರನೇ ದಿನ ಅತ್ತೆ ನನ್ನ ಕೈ ಹಿಡಿದು, "ನೀ ಕಲ್ತಾಕಿ, ನೀನ ಹೇಳವಾ, ಯಾಕ ಹಿಂಗಾತು?" ಎಂದು ಅತ್ತರು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಬಾಯಿಗೆ ಬಂದ ಭಜಿಯ ಮಾತನ್ನು ಆಡಿದೆ. ಎರಡು ವರ್ಷ ನಿನ್ನ ಅಳು ಕೇಳುತ್ತ ಸುಮ್ಮನಿದ್ದೆ. ಗುರುವಾರ ಮೊದಲು ಶೇವಂತಾಳ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ನಿನ್ನ ಬಾಗಿಲಿಗೆ ಬರುತ್ತೇನೆ. ನನ್ನನ್ನು ಒಳಗೆ ಕರೆಯದಿದ್ದರೂ ಸರಿ ಅಕ್ಕ, ಪರೀಕ್ಷೆಗೆ ಮಾತ್ರ ಬಾ.