ಮೇಷ್ಟ್ರ ಲೆಕ್ಕಕ್ಕೆ ಇನ್ನೊಂದು ಉಲ್ಲೇಖ

ಲ್ಯಾವ್ ಮೇಷ್ಟ್ರಿಗೆ,

ನಿಮ್ಮ ಶಿಷ್ಯೆ ಪೇ-ರೋಂಗ್ ಮಾಡುವ ನಮಸ್ಕಾರ. ಶಿಷ್ಯೆ ಎಂದದ್ದಕ್ಕೆ ಹುಬ್ಬು ಗಂಟಿಕ್ಕಬೇಡಿ. ತೈನಾನಿನ ನಿಮ್ಮ ಪ್ರಯೋಗಾಲಯದಲ್ಲಿ ಜೀವಕೋಶಗಳಿಗೆ ಉಣಿಸುತ್ತಲೇ ಹರೆಯ ಕಳೆದವಳು ನಾನು. ಹೊಸ ವರ್ಷದ ಹಬ್ಬಕ್ಕೂ ಮನೆಗೆ ಹೋಗದೆ ಅವುಗಳ ಬಾಣಂತನ ಮಾಡಿದ್ದೇನೆ.

ಪೆಂಘು ದ್ವೀಪದ ಮೀನುಗಾರನೊಬ್ಬನ ಗಂಟಲ ಗಡ್ಡೆಯಿಂದ ತೆಗೆದ ಕೋಶಗಳು ಅವು ಎಂದು ನೀವು ಹೇಳುತ್ತಿದ್ದಿರಿ. ಅವುಗಳ ಮೇಲಿನ ಪ್ರಬಂಧ ದೊಡ್ಡ ಪತ್ರಿಕೆಯೊಂದಕ್ಕೆ ಹೊರಟಿತ್ತು. ಪ್ರಯೋಗಗಳೆಲ್ಲ ನನ್ನವು, ಲೇಖಕರ ಸಾಲಿನಲ್ಲಿ ಮೊದಲ ಹೆಸರೂ ನನ್ನದಾಗಬೇಕಿತ್ತು. ಆ ಹೆಸರಿದ್ದರೆ ಕೆಲಸ, ಇಲ್ಲದಿದ್ದರೆ ಬೀದಿ. ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅವು ಬೆಳೆಯುತ್ತಿದ್ದ ರೀತಿ ನನಗೆ ಸರಿಕಾಣಲಿಲ್ಲ. ಕಳೆಯ ಹಾಗೆ ತಟ್ಟೆ ತುಂಬುತ್ತಿದ್ದವು. ಪಕ್ಕದಲ್ಲಿ ಬೆಳೆಸುತ್ತಿದ್ದ ಬೇರೆ ಕೋಶಗಳಿಗೂ ಇವಕ್ಕೂ ಒಂದೇ ಬಾಟಲಿಯಿಂದ ಪೋಷಕ ದ್ರವ ಹಾಕಿಸುವುದು ನಿಮ್ಮ ಮಿತವ್ಯಯ. ಒಂದೇ ಸೌಟನ್ನು ಎರಡು ಪಾತ್ರೆಗೆ ಅದ್ದಿದರೆ ಏನಾಗುತ್ತದೆಂದು ಅಡುಗೆ ಮಾಡುವ ಯಾರಿಗಾದರೂ ಗೊತ್ತು. "ಮೇಷ್ಟ್ರೇ, ಇವು ನಿಜವಾಗ್ಲೂ ಆ ಮನುಷ್ಯನವೇನಾ ಅಂತ ಒಂದ್ಸಲ ಪರೀಕ್ಷೆ ಮಾಡ್ಸೋಣ" ಎಂದೆ.

ಹಸಿರು ಪೊಟ್ಟಣದ ತಿಂಡಿ ಇಟ್ಟರೆ ಯಂತ್ರಗಳು ಕೆಡುವುದಿಲ್ಲವೆಂದು ನಂಬಿದ್ದ ನೀವು ನಕ್ಕಿರಿ. "ಲೇ ಹುಡುಗಿ, ಯಂತ್ರ ತಂಟೆ ಮಾಡ್ದಿರ್ಲಿ ಅಂತ ಅದರ ತಲೆ ಮೇಲೆ ಹಸಿರು ತಿಂಡಿ ಪೊಟ್ಟಣ ಇಟ್ಟಿದ್ದೀನಿ, ಅದರ ಅವಧೀನೂ ಮುಗಿದಿಲ್ಲ. ಇಲ್ಲಿ ತಂಟೆ ಮಾಡ್ತಿರೋದು ನೀನೊಬ್ಬಳೇ!" ನಿಮ್ಮ ಹಿರಿಯ ಶಿಷ್ಯ ಷೂ ಎಲ್ಲರಿಗಿಂತ ಜೋರಾಗಿ ನಕ್ಕ.

ಆ ವರ್ಷಾಂತ್ಯದ ಔತಣದಲ್ಲಿ ಇಡೀ ಕೋಳಿ ಬಂತು. ಯಜಮಾನ ಅದರ ತಲೆಯನ್ನು ಯಾರ ಕಡೆ ತಿರುಗಿಸುತ್ತಾನೋ ಅವರ ಅನ್ನದ ಋಣ ಅಲ್ಲಿಗೆ ತೀರಿತು, ಕೆಲಸ ಹೋಯಿತು ಎಂಬುದು ಹಳೆಯ ಪದ್ಧತಿ. ಈಗ ಅದನ್ನು ಎಲ್ಲರೂ ಬರೀ ತಮಾಷೆ ಎನ್ನುತ್ತಾರೆ. ನೀವು ತಟ್ಟೆಯನ್ನು ಮೆಲ್ಲಗೆ ತಿರುಗಿಸಿದಿರಿ. ಆ ಬೆಂದ ಕಣ್ಣು ನನ್ನ ಬಟ್ಟಲಿನೆದುರು ಬಂದು ನಿಂತಿತು. "ನಂಬಿಕೆ ಇಲ್ದೋರ ಹೆಸರು ನನ್ನ ಪ್ರಬಂಧದಲ್ಲಿ ಬೇಡ. ಷೂಗೆ ಹೆಂಡ್ತಿ ಮಕ್ಳಿದ್ದಾರೆ, ಮೊದಲ್ನೇ ಹೆಸರು ಅವನದಿರ್ಲಿ. ನೀನು ಹೇಗೂ ಮದ್ವೆ ಆಗಿ ಹೋಗೋಳು" ಎಂದಿರಿ. ಸಾಲಿನ ಕೊನೆಯಲ್ಲೂ ನನಗೆ ಜಾಗ ಕೊಡಲಿಲ್ಲ. ಮನೆಗೆ ಮರಳುವಾಗ ನಾನು ಅಳಲಿಲ್ಲ, ನೀವು ಹಾಳಾಗಿ ಹೋಗಲಿ ಎಂದು ಬಯಸಿದೆ. ಹಾಗೆ ಬಯಸಿದ್ದಕ್ಕೆ ಇವತ್ತಿಗೂ ನಾಚಿಕೆಯಿಲ್ಲ.

ನೀವು ಹಾಳಾಗಲಿಲ್ಲ, ಡೀನ್ ಆದಿರಿ. ಷೂ ಪ್ರಾಧ್ಯಾಪಕನಾದ. ನಾನು ತೈಚುಂಗಿನ ಆಸ್ಪತ್ರೆಯೊಂದರಲ್ಲಿ ಕೋಶಗಳ ಗುರುತು ಪತ್ತೆ ಮಾಡುವ ಸಣ್ಣ ಕೆಲಸಕ್ಕೆ ಸೇರಿದೆ. ಬೇರೆಯವರು ತಮ್ಮ ಪ್ರಬಂಧಗಳಲ್ಲಿ ನಿಮ್ಮ ಪ್ರಬಂಧವನ್ನು ಹೆಸರಿಸಿದ ಉಲ್ಲೇಖಗಳು ಎರಡು ಸಾವಿರ ದಾಟಿದ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಕೇಳಿದವರಿಗೆಲ್ಲ ನೀವು ಆ ಕೋಶಗಳನ್ನು ಧಾರಾಳವಾಗಿ ಹಂಚಿದಿರಿ, ಪ್ರತಿಯಾಗಿ ನಿಮ್ಮನ್ನು ಉಲ್ಲೇಖಿಸಲೇಬೇಕೆಂಬ ಕರಾರು ಹಾಕಿದಿರಿ. ಹಾಗೆ ಹಂಚಿದ ಒಂದು ಸೀಸೆ ಊರೂರು ಸುತ್ತಿ, ಗುರುತಿನ ಪರೀಕ್ಷೆಗೆಂದು ನನ್ನ ಮೇಜಿಗೇ ಬಂತು. ಮೇಲಿದ್ದ ಹೆಸರು ಓದಿದವಳೇ ಬೇರೆಲ್ಲ ಕೆಲಸ ಬದಿಗಿಟ್ಟು ಪರೀಕ್ಷೆಗೆ ಕೂತೆ.

ಅದು ಮೀನುಗಾರನ ಗಂಟಲಲ್ಲ, ಮೇಷ್ಟ್ರೇ. ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬೆಳೆಯುವ, ಒಬ್ಬ ಹೆಂಗಸಿನ ಗರ್ಭಕಂಠದ ಕೋಶಗಳು ಅವು. ನೀವು ಪಕ್ಕದಲ್ಲಿ ಬೆಳೆಸುತ್ತಿದ್ದವೇ.

ಕಳೆದ ವಾರ ಅದನ್ನು ಪ್ರಕಟಿಸಿದೆ. ಲೇಖಕರ ಸಾಲಿನಲ್ಲಿ ಒಂದೇ ಹೆಸರು, ನನ್ನದು. ನಿಮ್ಮ ತಪ್ಪಿನಲ್ಲಿ ಮಾತ್ರ ಆ ಹೆಸರಿಲ್ಲ. ಅದನ್ನು ಹೊಡೆದು ಹಾಕಿ ನನ್ನನ್ನು ಉಳಿಸಿದವರು ನೀವೇ, ಷೂನನ್ನು ಸಿಕ್ಕಿಸಿದವರೂ ನೀವೇ.

ನಿಮ್ಮ ನಿವೃತ್ತಿಯ ಔತಣಕ್ಕೆ ನನಗೂ ಕರೆ ಬಂದಿದೆ. ಬರುತ್ತೇನೆ. ಕೋಳಿಯ ತಟ್ಟೆಯನ್ನು ನಾನು ಮುಟ್ಟುವುದಿಲ್ಲ, ಅದು ಯಾರ ಕಡೆ ತಿರುಗಬೇಕೆಂದು ಅಲ್ಲಿದ್ದವರಿಗೆಲ್ಲ ಗೊತ್ತಿರುತ್ತದೆ. ಉಲ್ಲೇಖಗಳು ನಿಂತುಹೋಗುತ್ತವೆಂಬ ಚಿಂತೆ ನಿಮಗೆ ಬೇಡ. ಇನ್ನು ಮುಂದೆ ಕೋಶಗಳನ್ನು ಪರೀಕ್ಷಿಸದಿದ್ದರೆ ಏನಾಗುತ್ತದೆ ಎಂದು ಬರೆಯುವವರೆಲ್ಲ ನಿಮ್ಮನ್ನೇ ತೋರಿಸುತ್ತಾರೆ. ಮೊದಲ ಉಲ್ಲೇಖ ನನ್ನದು, ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನಿಮ್ಮ ಪ್ರಬಂಧ ನೂರು ಕಾಲ ಬಾಳಲಿ, ನಿಮ್ಮ ಹೆಸರು ಅದರಿಂದ ಎಂದೂ ಅಳಿಯದಿರಲಿ ಎಂದು ಮನಸಾರೆ ಹರಸುವ,

ಅದರಲ್ಲಿ ಹೆಸರಿಲ್ಲದ,
ಜೋಂಗ್ ಪೇ-ರೋಂಗ್