ಮೊದಲು ಟೈರು, ಆಮೇಲೆ ಸ್ವೇ ಬಾರ್

ರೀ,

ನಿಮ್ಮ ಟರ್ಬೊ ಸೆಡಾನನ್ನು ನಾನು ಮಾರಲಿಲ್ಲ. ನಿಮ್ಮ ವೈಕುಂಠ ಸಮಾರಾಧನೆಯ ಎಲೆ ಎತ್ತುವ ಮೊದಲೇ ನಿಮ್ಮ ತಮ್ಮ ಮಧ್ವೇಶ್ ಗಿರಾಕಿ ಹುಡುಕಿದ್ದ. ಅದನ್ನು ನಾನು ಮರೆತಿಲ್ಲ.

ಇವತ್ತು ಕಾರನ್ನು ಗ್ಯಾರೇಜಿಗೆ ಒಯ್ದೆ. ಅವನೂ ಬಂದ. "ಅತ್ತಿಗೆ, ಇಟ್ಕೊಳ್ಳೋದೇ ಆದ್ರೆ ಅಣ್ಣನ ಆಸೆಯಂತೆ ಸ್ಪ್ರಿಂಗ್ ಬದಲಾಯಿಸಿ ಗಾಡಿ ತಗ್ಗಿಸೋಣ" ಅಂದ.

ನಾನು ಒಪ್ಪಲಿಲ್ಲ. ಬಸವೇಶ್ವರನಗರದ ರಸ್ತೆ ಅಗೆಯುವುದನ್ನು ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ಈಗಿರುವ ಎತ್ತರಕ್ಕೇ ಹಂಪುಗಳು ಕಾರಿನ ಹೊಟ್ಟೆ ಕೆರೆಯುತ್ತವೆ. ಓದಿ ತಿಳಿದುಕೊಂಡೇ ಹೋಗಿದ್ದೆ: ಮೊದಲು ಒಳ್ಳೆಯ ಟೈರು, ಆಮೇಲೆ ತಿರುವಿನಲ್ಲಿ ವಾಲದಂತೆ ಹಿಂದಿನ ಚಕ್ರಗಳ ನಡುವೆ ಸ್ವೇ ಬಾರ್ ಅನ್ನುವ ದಪ್ಪ ಉಕ್ಕಿನ ಸರಳು.

"ಲುಕ್ ಬರಲ್ಲ ಆಂಟಿ" ಅಂದ ಮೆಕ್ಯಾನಿಕ್ ಶಿವಕಿರಣ್.

"ನೋಡೋಕಲ್ಲಪ್ಪ, ಓಡಿಸೋಕೆ."

ಎರಡನ್ನೂ ಹಾಕಿದ ಮೇಲೆ ಕೊನೆಗೆ ವೀಲ್ ಅಲೈನ್‌ಮೆಂಟ್. "ಓಡಿಸೋರ ತೂಕ ಸೀಟ್ ಮೇಲಿದ್ರೆ ಅಳತೆ ಸರಿಯಾಗಿ ಬರುತ್ತೆ. ಯಾರು ಕೂತ್ಕೋತೀರಾ?" ಎಂದು ಶಿವಕಿರಣ್ ಕೇಳಿದ.

ಮಧ್ವೇಶ್ ಬಾಗಿಲಿಗೆ ಕೈ ಹಾಕಿದ. ಅವನನ್ನು ಸರಿಸಿ ನಾನೇ ಕೂತೆ. ನೀವು ಒಂದು ದಿನವೂ ನನಗೆ ಬಿಟ್ಟುಕೊಡದ ಸೀಟು ಅದು. ನಾನೂ ಒಂದು ದಿನವೂ ಕೇಳಿರಲಿಲ್ಲ. ಪಕ್ಕದ ಸೀಟಲ್ಲಿ ಕೂತು ನಿಮ್ಮ ಜೊತೆ ಜಗಳವಾಡುವುದೇ ಸಾಕಾಗಿತ್ತು.

"ಪಕ್ಕದಲ್ಲಿ ಯಾವಾಗ್ಲೂ ಯಾರಾದ್ರೂ ಇರ್ತಾರಾ ಆಂಟಿ?"

"ಇಲ್ಲಪ್ಪ. ಖಾಲಿ ಅಂತಲೇ ಅಳತೆ ತಗೋ."

ಅನಂತಲಕ್ಷ್ಮಿ